ಓದದೆ ಬಿಟ್ಟ ಕೊಕ್ಕೆ

ನನ್ನ ತಮ್ಮನಿಗೆ ಓದಿ ಹೇಳಬೇಕಾಗಿದ್ದ ಒಂದು ಚಿಹ್ನೆಯನ್ನು ನಾನು ಓದಿ ಹೇಳಲಿಲ್ಲ. ನಾನು ಮಾಡದೆ ಬಿಟ್ಟದ್ದು ಅಷ್ಟೇ, ಬರೆದರೆ ಒಂದು ಸಾಲು. ಆದರೆ ಆ ಸಾಲನ್ನು ಬಾಯಿಬಿಟ್ಟು ಹೇಳಲು ನನಗೆ ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು.

ಮೊನ್ನೆ ಕೆ.ಆರ್. ಪುರದ ಗ್ಯಾಸ್ ಏಜೆನ್ಸಿಯಲ್ಲಿ ವಿಳಾಸ ಬದಲಾಯಿಸಲು ನಿಂತಿದ್ದೆ. ಕೌಂಟರಿನ ಹುಡುಗಿ ನನ್ನ ಹೆಸರು, ಮನೆ ನಂಬರು ಎಲ್ಲ ಹೊಡೆದು, ಪಕ್ಕದ ಕಂಪ್ಯೂಟರಿನ ಮುಂದೆ ಕಿತ್ತಳೆ ಸುಲಿಯುತ್ತಿದ್ದವಳನ್ನು ಕೇಳಿದಳು: "ನಿನ್ನ ಸಿಸ್ಟಮ್ಮಲ್ಲಿ ಬಂತಾ ನೋಡೇ."

"ಹ್ಞೂಂ, ಬಂತು," ಎಂದಳು ಆಕೆ. ಕತ್ತು ಕೂಡ ತಿರುಗಿಸಲಿಲ್ಲ.

ಆ 'ಬಂತು' ನನಗೆ ಗೊತ್ತು. ನೋಡಿ ಹೇಳುವ 'ಬಂತು' ಬೇರೆ, ನೋಡದೆ ಹೇಳುವ 'ಬಂತು' ಬೇರೆ. ಎರಡನೆಯದು ಸ್ವಲ್ಪ ಬೇಗ ಬಾಯಿಂದ ಬೀಳುತ್ತದೆ. "ಇನ್ನೊಂದ್ಸಲ ನೋಡಮ್ಮಾ," ಎಂದೆ. ಅವಳು ಕಿತ್ತಳೆ ಕೆಳಗಿಟ್ಟು, ಪರದೆ ನೋಡಿ, "ಬಂದಿದೆ ಆಂಟಿ. ಫೋಟೋ ತೆಗೆದು ಕೊಡ್ಲಾ?" ಎಂದಳು. ಕ್ಯೂನಲ್ಲಿದ್ದವರು ನಕ್ಕರು. ನಾನೂ ನಕ್ಕೆ. ನಿಜಕ್ಕೂ ಬಂದಿತ್ತು. ಆದರೆ ಹೊರಗೆ ಬಂದ ಮೇಲೆ ನೇರ ಮನೆಗೆ ಹೋಗಲಿಲ್ಲ. ಬೇಕರಿಯ ಮುಂದಿನ ಕಲ್ಲಿನ ಮೇಲೆ ಕುಳಿತೆ. ಆ ಕಲ್ಲಿನ ಮೇಲೆ ಕುಳಿತು ನೆನೆದದ್ದನ್ನೇ ಈಗ ನಿಮ್ಮ ಮುಂದೆ ಇಡುತ್ತಿದ್ದೇನೆ. ನಾನು ಹೆಚ್ಚು ಓದಿದವಳಲ್ಲ. ಹಿಂದುಮುಂದಾದರೆ ತಾಳಿಕೊಳ್ಳಿ.

ನನ್ನ ತಮ್ಮ ಗಿರೀಶ ನನಗಿಂತ ಸಾಕಷ್ಟು ಚಿಕ್ಕವನು. ಹಲಸೂರಿನ ಕೆರೆಯ ಹಿಂದಿನ ಓಣಿಯಲ್ಲಿ ನಮ್ಮದು ಬಾಡಿಗೆ ಮನೆ. ಅಪ್ಪ ಒಂದು ದೊಡ್ಡ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಗೆ ಇದ್ದರು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಮ್ಮ ಹಾಸಿಗೆ ಹಿಡಿದಳು. ಮನೆ ನೋಡಿಕೊಳ್ಳುವವರು ಬೇಕಿತ್ತು, ನನ್ನ ಶಾಲೆ ಅಲ್ಲಿಗೆ ನಿಂತಿತು. ಅಮ್ಮ ಹೋದ ಮೇಲೆ ಗಿರಿಗೆ ತಲೆ ಬಾಚಿದ್ದು, ಮಗ್ಗಿ ಹೇಳಿಸಿದ್ದು, ಜ್ವರ ಬಂದಾಗ ಒದ್ದೆ ಬಟ್ಟೆ ಹಾಕಿದ್ದು ಎಲ್ಲ ನಾನೇ. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ. ಅವನು ನನ್ನನ್ನು ಯಾಕೆ ಅಷ್ಟು ನಂಬಿದ್ದ ಎಂದು ನಿಮಗೆ ತಿಳಿಯಲಿ ಎಂದು ಹೇಳುತ್ತಿದ್ದೇನೆ.

ಅವನು ಡಿಪ್ಲೊಮಾ ಮುಗಿಸಿ ಕಂಪ್ಯೂಟರ್ ಕಲಿತ. ಇಂದಿರಾನಗರದಲ್ಲಿ ಸಾಲೊಮನ್ ಸರ್ ಎನ್ನುವವರ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಒಂದು ಮನೆಯ ಮೇಲಂತಸ್ತಿನಲ್ಲಿ ನಾಲ್ಕಾರು ಜನ ಕೂತು, ಸಣ್ಣ ಕಾರ್ಖಾನೆಗಳ ಸಾಮಾನಿನ ಲೆಕ್ಕಕ್ಕೆ ಪ್ರೋಗ್ರಾಮ್ ಬರೆದುಕೊಡುವ ಆಫೀಸು. ತೊಂಬತ್ತರ ದಶಕದ ಮಧ್ಯ ಅದು. ಇಂದಿರಾನಗರದ ರಸ್ತೆಗಳಲ್ಲಿ ಆಗ ಮಧ್ಯಾಹ್ನ ನಾಯಿಗಳು ಮಲಗುತ್ತಿದ್ದವು.

ಆ ವರ್ಷಗಳಲ್ಲೇ ಗಿರಿಯ ಕಣ್ಣು ಹೋಗತೊಡಗಿತು. ಮೊದಲು ಮುಸ್ಸಂಜೆಯ ಹೊತ್ತು ಬಕೆಟ್ಟಿಗೆ ಎಡವುತ್ತಿದ್ದ. ಆಮೇಲೆ ಪಕ್ಕದಲ್ಲಿ ಕುಳಿತವರು ಕಾಣದಾದರು. ಕಣ್ಣಿನ ಹಿಂದಿನ ಪದರ ಸವೆಯುತ್ತಿದೆ, ಇದಕ್ಕೆ ಔಷಧಿಯಿಲ್ಲ ಎಂದರು ಡಾಕ್ಟರು. ಕೊನೆಗೆ ಬೆಳಕು ಯಾವ ಕಡೆಯಿಂದ ಬರುತ್ತಿದೆ ಎನ್ನುವುದಷ್ಟೇ ಅವನಿಗೆ ಉಳಿಯಿತು.

ಸಾಲೊಮನ್ ಸರ್ ಅವನನ್ನು ತಕ್ಷಣ ಕಳಿಸಲಿಲ್ಲ. ಕ್ಯಾಂಟೋನ್ಮೆಂಟಿನಲ್ಲಿ ಹುಟ್ಟಿ ಬೆಳೆದ ಮನುಷ್ಯ, ಮೂರು ಭಾಷೆಯನ್ನು ಒಂದೇ ಲೋಟದಲ್ಲಿ ಕಲಸಿ ಕೊಡುತ್ತಿದ್ದರು. "ಗಿರೀಶ್, ಯು ಟೆಲ್ ಮಿ, ಹೆಂಗ್ ಮಾಡ್ತೀಯ? ನಂಗೆ ನಿನ್ನ ತಲೆ ಬೇಕು ಮ್ಯಾನ್. ಕಣ್ಣು ಯಾರ್ದಾದ್ರೂ ಆಗ್ಲಿ," ಎಂದರಂತೆ. "ನಮ್ಮಕ್ಕ ಬರ್ತಾಳೆ ಸರ್," ಎಂದು ಇವನು ಹೇಳಿಬಿಟ್ಟಿದ್ದ. ನನ್ನನ್ನು ಕೇಳಿರಲಿಲ್ಲ.

ನಾನು ಆಗ ಒಂದು ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ಟೇಬಲ್ ಮೇಲಿದ್ದೆ. ಹೊಲಿಗೆ ಬಿಟ್ಟಿದ್ದರೆ, ಗುಂಡಿ ಓರೆಯಾಗಿದ್ದರೆ ಅಲ್ಲಿ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸುವುದು ನನ್ನ ಕೆಲಸ. ಸೂಪರ್‌ವೈಸರ್ ಮಾಡುವ ಮಾತು ನಡೆದಿತ್ತು. ಜೊತೆಗೆ ಗೆಳತಿ ಮುಮ್ತಾಜ್ ಇದ್ದಳು, ಶಿವಾಜಿನಗರದವಳು. ಊಟದ ಹೊತ್ತಿನಲ್ಲಿ ಅವಳ ಡಬ್ಬಿ ನನಗೆ, ನನ್ನದು ಅವಳಿಗೆ. ಅದನ್ನೆಲ್ಲ ಬಿಟ್ಟು ತಮ್ಮನ ಪಕ್ಕ ಕುಳಿತುಕೊಳ್ಳಲು ಹೋದೆ. "ನಂಗೆ ಇಂಗ್ಲಿಷ್ ಎಲ್ಲಿ ಬರತ್ತೋ?" ಎಂದೆ. "ಇಂಗ್ಲಿಷ್ ಬೇಡ, ಅಕ್ಷರ ಗೊತ್ತಲ್ಲ, ಸಾಕು. ಅರ್ಥ ನಾನು ನೋಡ್ಕೋತೀನಿ," ಎಂದ.

ಅವನು ಆರಿಸಿಕೊಂಡಿದ್ದ ಉಪಾಯ ಹೀಗಿತ್ತು. ಆಫೀಸಿನ ಉಳಿದವರು ಬರೆಯಲು, ತಿದ್ದಲು ಬಳಸುತ್ತಿದ್ದ ಎಡಿಟರ್ ಎಂಬ ಪ್ರೋಗ್ರಾಮಿನಲ್ಲಿ ಇಡೀ ಪುಟ ಪರದೆಯ ಮೇಲೆ ಕಾಣುತ್ತಿತ್ತು, ಅದರಲ್ಲಿ ಮಿನುಗುವ ಗೆರೆಯನ್ನು ಅಲ್ಲಿ ಇಲ್ಲಿ ಓಡಿಸುತ್ತಿದ್ದರು. ಕಣ್ಣಿಲ್ಲದವನಿಗೆ ಅದು ಆಗದ ಮಾತು. ಆದರೆ ಅದೇ ಯಂತ್ರದಲ್ಲಿ ಬಹಳ ಹಳೆಯ ಕಾಲದ ಇನ್ನೊಂದು ಎಡಿಟರ್ ಇತ್ತು. ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ಅದು ಪುಟ ತೋರಿಸುವುದೇ ಇಲ್ಲ. ಇಷ್ಟನೇ ಸಾಲು ಎಂದು ಸಂಖ್ಯೆ ಕೊಟ್ಟರೆ ಆ ಒಂದು ಸಾಲನ್ನು ಬರೆದು ತೋರಿಸಿ ಸುಮ್ಮನಾಗುತ್ತದೆ. ಈ ಪದ ತೆಗೆದು ಆ ಪದ ಹಾಕು ಎಂದು ಆಜ್ಞೆ ಕೊಟ್ಟರೆ ಹಾಕುತ್ತದೆ. ಬೇಕಿದ್ದರೆ ತಿದ್ದಿದ ಸಾಲನ್ನು ಮತ್ತೆ ತೋರಿಸುತ್ತದೆ. "ಅವರದಕ್ಕೆ ಕಣ್ಣು ಬೇಕು ಅಕ್ಕ. ಇದಕ್ಕೆ ಕಿವಿ ಸಾಕು, ಪಕ್ಕದಲ್ಲಿ ನೀನಿದ್ರೆ," ಎಂದ ಗಿರಿ.

ಹಾಗೆ ನಮ್ಮ ಕೆಲಸ ಶುರುವಾಯಿತು. ಅವನು ಕೀಲಿಮಣೆಯ ಮೇಲೆ ಹೊಡೆಯುವುದು, ಕಪ್ಪು ಪರದೆಯ ಮೇಲೆ ಹಸಿರು ಅಕ್ಷರದಲ್ಲಿ ಒಂದು ಸಾಲು ಬರುವುದು, ನಾನು ಅಕ್ಷರ ಅಕ್ಷರವಾಗಿ ಓದುವುದು. ಚಿಹ್ನೆಗಳ ಇಂಗ್ಲಿಷ್ ಹೆಸರು ನನ್ನ ನಾಲಿಗೆಗೆ ಹತ್ತಲಿಲ್ಲ, ಹಾಗಾಗಿ ನನ್ನದೇ ಹೆಸರುಗಳಾದವು. ಓರೆಗೆರೆ, ನಕ್ಷತ್ರ, ಟೋಪಿ, ಬಾಲದ ಚುಕ್ಕಿ. ಬಾಗಿದ ಕಂಸಕ್ಕೆ ಮೀಸೆ ಎಂದೆ. "ಎಡಗಡೆ ಮೀಸೆ, ಆಮೇಲೆ ಪಿ, ಆರ್," ಎಂದು ನಾನು ಓದುತ್ತಿದ್ದರೆ ಹಿಂದಿನ ಮೇಜಿನ ಹುಡುಗರು ಕೆಮ್ಮುತ್ತಿದ್ದರು. ಗಿರಿ ಮಾತ್ರ ಗಂಭೀರವಾಗಿ, "ಮೀಸೆ ಮುಚ್ಚಿದೆಯಾ ನೋಡು," ಎನ್ನುತ್ತಿದ್ದ. ನಮ್ಮ ಓಣಿಯಲ್ಲೂ ಸುದ್ದಿ ಹಬ್ಬಿ, ಪಕ್ಕದ ಮನೆಯ ಸೆಲ್ವಿ, "ಕಂಪ್ಯೂಟರ್ ಮೇಡಂ, ನಲ್ಲಿ ಬಂತು, ಬಟನ್ ಒತ್ತಿ ಬಿಂದಿಗೆ ತುಂಬ್ಸ್ಕೊಳಿ," ಎನ್ನುತ್ತಿದ್ದಳು. ಒಳಗೊಳಗೇ ನನಗದು ಹಿತವಾಗಿತ್ತು ಎಂದು ಈಗ ಒಪ್ಪಿಕೊಳ್ಳಬಹುದು.

ಪ್ರಶ್ನೆಯ ಚಿಹ್ನೆಗೆ ನಾನಿಟ್ಟ ಹೆಸರು ಕೊಕ್ಕೆ. ಆ ಎಡಿಟರಿಗೆ ಬೈಯಲು ಬರುತ್ತಿರಲಿಲ್ಲ, ವಿವರಿಸಲು ಬರುತ್ತಿರಲಿಲ್ಲ. ಆಜ್ಞೆಯಲ್ಲಿ ಏನೇ ತಪ್ಪಾಗಲಿ, ಒಂದೇ ಒಂದು ಕೊಕ್ಕೆ ಬರೆದು ಕಾಯುತ್ತಿತ್ತು. ಎಲ್ಲಿ ತಪ್ಪು, ಏನು ತಪ್ಪು, ಯಾವುದನ್ನೂ ಹೇಳುತ್ತಿರಲಿಲ್ಲ. ಮೊದಲ ವಾರ ಕೊಕ್ಕೆ ಬಂದಾಗೆಲ್ಲ ನನ್ನದೇ ತಪ್ಪೇನೋ ಎಂಬಂತೆ ತಡವರಿಸುತ್ತಿದ್ದೆ. ಗಿರಿಗೆ ಅದು ತಿಳಿಯಿತು.

"ಕೊಕ್ಕೆ ಬಂದ್ರೆ ಬಂತು ಅನ್ನು ಅಕ್ಕ. ಮುಚ್ಚಿಡಬೇಡ. ಅದು ಬೈತಾ ಇಲ್ಲ. ಅರ್ಥ ಆಗ್ಲಿಲ್ಲ, ಇನ್ನೊಂದ್ಸಲ ಹೇಳು ಅಂತಿದೆ, ಅಷ್ಟೇ."

ಕೊಕ್ಕೆ ಬಂದಾಗ ಮಾಡುವ ಕ್ರಮ ಒಂದಿತ್ತು. "ನಾನು ಏನು ಹೊಡ್ದೆ, ಓದು," ಎನ್ನುತ್ತಿದ್ದ. ಅವನು ಕೊಟ್ಟ ಆಜ್ಞೆ ಕೊಕ್ಕೆಯ ಮೇಲಿನ ಸಾಲಿನಲ್ಲೇ ಇರುತ್ತಿತ್ತು. ಅದನ್ನು ಒಂದೊಂದೇ ಅಕ್ಷರ ಓದುತ್ತಿದ್ದೆ. ಅವನು ತಲೆ ಬಾಗಿಸಿ ಕೇಳುತ್ತಾ, ಒಂದು ಜಾಗದಲ್ಲಿ "ಹಾಂ, ಅಲ್ಲಿ, ಕೊನೇ ಓರೆಗೆರೆ ಬಿಟ್ಟಿದೀನಿ," ಎನ್ನುತ್ತಿದ್ದ. ಆ ಒಂದು ಗೆರೆ ಸೇರಿಸಲು ಸಾಲಿನೊಳಕ್ಕೆ ಹಿಂತಿರುಗಿ ಹೋಗುವ ಹಾಗಿರಲಿಲ್ಲ, ಇಡೀ ಆಜ್ಞೆಯನ್ನು ಮೊದಲಿಂದ ಹೊಡೆಯಬೇಕಿತ್ತು. ಅವನಿಗೆ ಬೇಸರವೇ ಇರಲಿಲ್ಲ. ಮತ್ತೆ ಹೊಡೆದು, "ಈಗ?" ಎನ್ನುತ್ತಿದ್ದ. ತಿದ್ದಿದ ಸಾಲು ಬಂದಿರುತ್ತಿತ್ತು. ಅದನ್ನು ಓದಿದಾಗ ಅವನ ಬಿಗಿದ ಭುಜ ಸಡಿಲಾಗುತ್ತಿದ್ದ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ.

ಆ ಎಡಿಟರಿನ ಇನ್ನೊಂದು ಗುಣ ನನಗೆ ಇಷ್ಟವಾಗಿತ್ತು. ಒಮ್ಮೆ ಒಂದು ಪದ ಹುಡುಕಿಸಿದ ಮೇಲೆ, ಮುಂದಿನ ಸಲ ಎರಡು ಓರೆಗೆರೆ ಹಾಕಿ ನಡುವೆ ಏನೂ ಬರೆಯದೆ ಬಿಟ್ಟರೆ, ಹಿಂದಿನ ಪದವನ್ನೇ ಹೇಳುತ್ತಿದ್ದಾನೆ ಎಂದು ಅದು ತಿಳಿದುಕೊಳ್ಳುತ್ತಿತ್ತು. ಹಾಸಿಗೆಯಲ್ಲಿದ್ದ ದಿನಗಳಲ್ಲಿ ಅಮ್ಮ ಹೀಗೇ ಮಾತಾಡುತ್ತಿದ್ದಳು. "ಅದನ್ನ ಸ್ವಲ್ಪ..." ಎಂದು ನಿಲ್ಲಿಸಿದರೆ ನೀರೋ ದಿಂಬೋ ಕಿಟಕಿಯೋ ನಮಗೆ ಗೊತ್ತಾಗುತ್ತಿತ್ತು. ಇದನ್ನು ಗಿರಿಗೆ ಹೇಳಿದ್ದೆ. ಅದಕ್ಕೆ ಅವನು, "ಅಮ್ಮಂಗೆ ದಿಂಬು ಬೇಕಿದ್ದಾಗ ನಾನು ಯಾವಾಗ್ಲೂ ನೀರು ಕೊಡ್ತಿದ್ದೆ," ಎಂದ.

ದಿನದ ಕೊನೆಗೆ ತಿದ್ದಿದ್ದನ್ನೆಲ್ಲ ಡಿಸ್ಕಿಗೆ ಬರೆಸಬೇಕು. ಅಲ್ಲಿಯವರೆಗೆ ಅದು ಯಂತ್ರದ ತಲೆಯಲ್ಲಿ ಇರುತ್ತದೆ ಅಷ್ಟೇ, ಬಿಟ್ಟು ಎದ್ದರೆ ಹೋಯಿತು. ಬರೆಸಲು ಒಂದೇ ಅಕ್ಷರ, ಡಬ್ಲ್ಯೂ. ಬರೆದಾದ ಮೇಲೆ ಎಡಿಟರ್ ಒಂದು ಅಂಕಿ ತೋರಿಸುತ್ತಿತ್ತು, ಒಟ್ಟು ಇಷ್ಟು ಅಕ್ಷರ ಬರೆದೆ ಎಂದು. "ಅಂಕಿ ಹೇಳು ಅಕ್ಕ," ಎಂದು ಗಿರಿ ಕೇಳುತ್ತಿದ್ದ. ಹೇಳುತ್ತಿದ್ದೆ. ಹಿಂದಿನ ದಿನದ್ದಕ್ಕಿಂತ ಎಷ್ಟು ಹೆಚ್ಚು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿ, ಕ್ಯೂ ಒತ್ತಿ ಹೊರಗೆ ಬರುತ್ತಿದ್ದ. ಆ ಅಂಕಿ ಅವನ ದಿನದ ಫಲ. ನನ್ನ ಭುಜ ಹಿಡಿದು ಹಲಸೂರಿಗೆ ನಡೆಯುವಾಗ ಅದನ್ನು ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದ.

ಇಷ್ಟು ಚೆನ್ನಾಗಿದ್ದಾಗ ನಿನಗೇನಾಗಿತ್ತು ಎಂದು ನೀವು ಕೇಳಬಹುದು. ದಣಿವಾಗಿತ್ತು. ದಿನವಿಡೀ ಅರ್ಥವಾಗದ ಅಕ್ಷರಗಳನ್ನು ಓದುವುದರ ದಣಿವು ಓದಿದವರಿಗೆ ತಿಳಿಯುವುದಿಲ್ಲ. ಸಂಬಳ ಗಿರಿಯ ಹೆಸರಿನಲ್ಲಿ ಒಂದೇ, ಹೊಗಳಿಕೆಯೂ ಅವನೊಬ್ಬನಿಗೇ. ಚೆಕಿಂಗ್ ಟೇಬಲ್ಲಿನಲ್ಲಿ ನಾನು ಸ್ಟಿಕ್ಕರ್ ಅಂಟಿಸಿದರೆ ಅಂಗಿ ವಾಪಸ್ ಹೋಗುತ್ತಿತ್ತು. ಅಲ್ಲಿ ನನ್ನ ಮಾತಿಗೆ ಬೆಲೆಯಿತ್ತು. ಇಲ್ಲಿ ನಾನು ಅವನ ಕಣ್ಣು, ಅಷ್ಟೇ. ಕಣ್ಣಿಗೆ ಯಾರೂ ಊಟ ಆಯ್ತಾ ಎಂದು ಕೇಳುವುದಿಲ್ಲ. ಇದು ಸಮರ್ಥನೆಯಲ್ಲ. ಆಗ ಒಳಗೆ ಏನಿತ್ತೋ ಅದನ್ನು ಹೇಳಬೇಕಲ್ಲ, ಅದಕ್ಕೆ ಹೇಳಿದೆ.

ಗರುಡಾಚಾರ್‌ಪಾಳ್ಯದ ಒಂದು ಬಿಡಿಭಾಗಗಳ ಕಾರ್ಖಾನೆಗೆ ಗಿರಿ ಸಾಮಾನಿನ ಲೆಕ್ಕದ ಪ್ರೋಗ್ರಾಮ್ ಮಾಡುತ್ತಿದ್ದ. ಅದರ ವರದಿಯಲ್ಲಿ ತಪ್ಪುಗಳು ಬರುತ್ತಿವೆ ಎಂದು ಅವರು ದೂರಿದ್ದರು. ಮಾರನೆಯ ಬೆಳಿಗ್ಗೆ ಬಂದು ನೋಡುತ್ತೇವೆ ಎಂದಿದ್ದರು. ಅವರು ಒಪ್ಪಿದರೆ ಗಿರಿಯನ್ನು ಕಾಯಂ ಮಾಡುವುದಾಗಿ ಸಾಲೊಮನ್ ಸರ್ ಮಾತು ಕೊಟ್ಟಿದ್ದರು. ಅಂದು ಬೆಳಿಗ್ಗೆಯಿಂದ ಗಿರಿ ಒಂದೊಂದೇ ಸಾಲು ತೆಗೆದು ತಿದ್ದಿದ. ಕೊಕ್ಕೆ ಬಂದಾಗೆಲ್ಲ ಆಜ್ಞೆ ಓದಿಸಿಕೊಂಡು ಮತ್ತೆ ಕೊಟ್ಟ. ತಿದ್ದುವುದು ಪೂರ್ತಿ ಮುಗಿಯುವ ತನಕ ಹಳೆಯದರ ಮೇಲೆ ಬರೆಸಬಾರದು ಎನ್ನುವುದು ಅವನ ಪದ್ಧತಿ. ಅರ್ಧ ತಿದ್ದಿದ್ದು ಹಳೆಯದಕ್ಕಿಂತ ಅಪಾಯ ಎನ್ನುತ್ತಿದ್ದ. ಹಾಗಾಗಿ ಇಡೀ ದಿನದ ಕೆಲಸ ಇನ್ನೂ ಯಂತ್ರದ ತಲೆಯಲ್ಲೇ ಇತ್ತು.

ಅಂದು ಸಂಜೆ ಶಿವಾಜಿನಗರದಲ್ಲಿ ಮುಮ್ತಾಜಳ ಮದುವೆ. "ಬರ್ಲೇಬೇಕು ಅಕ್ಕಾ. ನೀನ್ ಬರ್ಲಿಲ್ಲಾಂದ್ರೆ ನಾನು ಕಬೂಲ್ ಅನ್ನಲ್ಲ, ಆಮೇಲೆ ಹುಡುಗನ ಕಡೆಯೋರಿಗೆ ನೀನೇ ಜವಾಬ್ ಕೊಡು," ಎಂದು ಮನೆಗೇ ಬಂದು ಹೇಳಿಹೋಗಿದ್ದಳು. ಆಫೀಸಿಗೇ ಇದ್ದೊಂದು ಒಳ್ಳೆಯ ಸೀರೆ ಉಟ್ಟುಕೊಂಡು ಹೋಗಿದ್ದೆ. ಗಿರಿಯನ್ನು ಮನೆಗೆ ಕರೆದೊಯ್ಯಲು ಅಪ್ಪ ಶಿಫ್ಟ್ ಮುಗಿಸಿ ಬಂದು ಕೆಳಗೆ ಸೈಕಲ್ ಹಿಡಿದು ನಿಂತಿದ್ದರು. ನಾನು ಗಳಿಗೆಗೊಮ್ಮೆ ಕಿಟಕಿಯಿಂದ ರಸ್ತೆ ನೋಡುತ್ತಿದ್ದೆ.

"ಆಯ್ತಕ್ಕ, ಇದೊಂದು ಬರೆಸಿಬಿಟ್ರೆ ಮುಗೀತು," ಎಂದು ಗಿರಿ ಒಂದು ಕೀಲಿ ಒತ್ತಿದ. "ಅಂಕಿ ಹೇಳು."

ಪರದೆ ನೋಡಿದೆ. ಅಂಕಿ ಇರಲಿಲ್ಲ. ಕೊಕ್ಕೆ ಇತ್ತು.

ಅದನ್ನು ಹೇಳಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಏನು ಹೊಡೆದೆ ಓದು ಎನ್ನುತ್ತಾನೆ. ಯಾಕೆ ಬಂತು ಎಂದು ಹುಡುಕುತ್ತಾನೆ. ಎಲ್ಲ ಸರಿಯಿದೆಯೇ ಎಂದು ಮೊದಲ ಸಾಲಿನಿಂದ ಮತ್ತೊಮ್ಮೆ ಓದಿಸಿದರೂ ಓದಿಸಿದನೇ. ಅಷ್ಟು ಹೊತ್ತಿಗೆ ಬಸ್ಸೂ ಇಲ್ಲ, ಮದುವೆಯೂ ಇಲ್ಲ. ಇದನ್ನೆಲ್ಲ ಯೋಚಿಸಲು ಎಷ್ಟು ಹೊತ್ತು ಬೇಕು ಹೇಳಿ. ಹಿಂದಿನ ದಿನದ ಅಂಕಿ ನೆನಪಿತ್ತು. ಅದಕ್ಕೆ ಸ್ವಲ್ಪ ಸೇರಿಸಿ ಒಂದು ಅಂಕಿ ಹೇಳಿದೆ.

ಅವನ ಮುಖ ಅರಳಿತು. "ಸರಿ ಬಿಡು," ಎಂದು ಕ್ಯೂ ಒತ್ತಿದ. ಪರದೆ ಖಾಲಿಯಾಯಿತು. ಏನೋ ಒಂದು ಸಣ್ಣ ಎಡವಟ್ಟು, ನಾಳೆ ಬೇಗ ಬಂದು ಸರಿಮಾಡಿದರಾಯಿತು ಎಂದುಕೊಂಡೆ. ತಪ್ಪಾದರೆ ಮತ್ತೊಮ್ಮೆ ಕೊಟ್ಟರಾಯಿತು ಎಂದು ಅವನೇ ಹೇಳಿಕೊಟ್ಟಿದ್ದನಲ್ಲ. "ಮುಮ್ತಾಜ್‌ಗೆ ನಾನೂ ಕೇಳ್ದೆ ಅನ್ನು," ಎಂದ ಗಿರಿ. ನಾನು ಮೆಟ್ಟಿಲು ಓಡಿ ಇಳಿದೆ. ಮದುವೆಯಲ್ಲಿ ಹೊಟ್ಟೆ ತುಂಬ ಉಂಡೆ, ಗಟ್ಟಿಯಾಗಿ ನಕ್ಕೆ. ಅದೂ ಚೆನ್ನಾಗಿ ನೆನಪಿದೆ.

ಬೆಳಿಗ್ಗೆ ನಾವು ಹೋಗುವಷ್ಟರಲ್ಲಿ ಕಾರ್ಖಾನೆಯವರು ಬಂದು ಕುಳಿತಿದ್ದರು. ನಮ್ಮ ಆಫೀಸಿನ ಹುಡುಗರು ವರದಿ ಮುದ್ರಿಸಿ ಕೊಟ್ಟರು. ಅವರಲ್ಲಿ ದೊಡ್ಡವರು ಕನ್ನಡಕ ಹಾಕಿಕೊಂಡು ನೋಡಿ, "ಅದೇ ತಪ್ಪು ಇದೆಯಲ್ರೀ. ಒಂದಾದ್ರೂ ತಿದ್ದಿದೀರಾ?" ಎಂದರು.

ಗಿರಿ ಎಡಿಟರ್ ತೆರೆದು ಒಂದು ಸಾಲಿನ ಸಂಖ್ಯೆ ಹೊಡೆದ. ನಾನು ಓದಿದೆ. ಹಳೆಯ ಸಾಲೇ ಇತ್ತು. ಇನ್ನೊಂದು ಹೊಡೆದ. ಅದೂ ಹಳೆಯದೇ. ಎಲ್ಲರೂ ನಮ್ಮ ಹಿಂದೆ ನಿಂತಿದ್ದರು. ಗಿರಿ ನನ್ನ ಕಡೆ ಮುಖ ತಿರುಗಿಸಿದ.

"ಇದನ್ನ ನಿನ್ನೆ ತಿದ್ದಿದ್ವಲ್ಲ ಅಕ್ಕ?"

ನಾನು "ನೆನಪಿಲ್ಲ" ಎಂದೆ.

ಹಿಂದಿನ ಸಂಜೆಯದು ಅವಸರದಲ್ಲಿ ಬಿದ್ದ ಸುಳ್ಳು ಎನ್ನಬಹುದು. ಇದು ಹಾಗಲ್ಲ. ನನಗೆ ಯಾವ ಬಸ್ಸೂ ಹಿಡಿಯಬೇಕಿರಲಿಲ್ಲ. ಕೊಕ್ಕೆ ಬಂದಿತ್ತು, ನಾನು ಹೇಳಲಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ನಾಲ್ಕು ಜನರ ಮುಂದೆ ನನ್ನ ಮಾನ ಹೋಗುತ್ತಿತ್ತು. ಅದನ್ನು ಉಳಿಸಿಕೊಂಡೆ.

ಗಿರಿ ಕೀಲಿಮಣೆಯ ಮೇಲಿಂದ ಕೈ ತೆಗೆದ. ಆಮೇಲೆ, "ತಪ್ಪು ನಂದೇ ಸರ್. ತಿದ್ದಿದೀನಿ ಅನ್ಕೊಂಡಿದ್ದೆ," ಎಂದ.

"ಇಟ್ಸ್ ಓಕೆ ಮ್ಯಾನ್, ಸಂಜೆವರ್ಗೂ ಟೈಮ್ ಕೇಳ್ತೀನಿ. ಇನ್ನೊಂದ್ಸಲ ಮಾಡು," ಎಂದರು ಸಾಲೊಮನ್ ಸರ್. ಆದರೆ ಕೆಳಗಿಳಿಯುವಾಗ ಕಾರ್ಖಾನೆಯ ದೊಡ್ಡವರು ಅವರಿಗೆ ಹೇಳಿದ್ದು ನಮಗೂ ಕೇಳಿಸಿತು: "ಪಾಪ ಅಂತ ಇಟ್ಕೊಂಡಿದೀರ, ಸರಿ. ನಮ್ಮ ಕೆಲಸ ಬೇರೆಯೋರಿಗೆ ಕೊಡಿ."

ಆ ಕೆಲಸ ಹೋಯಿತು. ಸಾಲೊಮನ್ ಸರ್ ಬೇರೆ ಕೆಲಸ ಕೊಟ್ಟರು. ಆದರೆ ಗಿರಿ ಅಂದಿನಿಂದ ಬದಲಾದ. ಒಂದು ಸಾಲು ತಿದ್ದಿದರೆ, ಓದು ಎನ್ನುತ್ತಿದ್ದ. ಓದಿದರೆ, ಇನ್ನೊಮ್ಮೆ ಎನ್ನುತ್ತಿದ್ದ. ಕೊಕ್ಕೆ ಬರದಿದ್ದರೂ, "ನಾನು ಏನು ಹೊಡ್ದೆ?" ಎಂದು ಕೇಳುತ್ತಿದ್ದ. ನಾನು ಒಂದು ಕೊಕ್ಕೆಯನ್ನೂ ಬಿಡದೆ, ಒಂದು ಚುಕ್ಕಿಯನ್ನೂ ಬಿಡದೆ ಓದುತ್ತಿದ್ದೆ, ಅಷ್ಟು ನಿಷ್ಠೆಯಿಂದ ಹಿಂದೆಂದೂ ಓದಿರಲಿಲ್ಲ. ಅದರಿಂದ ಪ್ರಯೋಜನವಾಗಲಿಲ್ಲ. ಅವನು ನನ್ನ ಕಣ್ಣನ್ನು ಅನುಮಾನಿಸಿದ್ದರೆ ನನಗೆ ಬದುಕಲು ಸುಲಭವಾಗುತ್ತಿತ್ತು. ಅವನು ತನ್ನ ಕೈಯನ್ನು ಅನುಮಾನಿಸಿದ. ಕೆಲವು ವಾರಗಳ ಮೇಲೆ ಒಂದು ಮಧ್ಯಾಹ್ನ ಕೀಲಿಮಣೆಯನ್ನು ಮುಂದಕ್ಕೆ ತಳ್ಳಿ, "ಬೇಡಕ್ಕ, ಸಾಕು," ಎಂದು ಎದ್ದ. ಸಾಲೊಮನ್ ಸರ್ ಮನೆಗೆ ಬಂದು ಕರೆದರು. ಹೋಗಲಿಲ್ಲ.

ನಾನು ಗಾರ್ಮೆಂಟ್ಸಿಗೆ ಹಿಂತಿರುಗಿದೆ. ಆಮೇಲೆ ಮದುವೆಯಾಗಿ ಕಗ್ಗದಾಸಪುರಕ್ಕೆ ಹೋದೆ. ಗಿರಿಗೆ ಕೆ.ಆರ್. ಪುರದಲ್ಲಿ ಒಂದು ಟೆಲಿಫೋನ್ ಬೂತ್ ಸಿಕ್ಕಿತು, ಅವನಿಗೂ ಮದುವೆಯಾಯಿತು. ಹೊರಗಿನಿಂದ ನೋಡುವವರಿಗೆ ಎಲ್ಲ ಒಂದು ದಡ ಸೇರಿದ ಹಾಗೆಯೇ. ಆದರೆ ನಾನು ಬೂತಿಗೆ ಹೋದಾಗೆಲ್ಲ ಒಂದು ವಿಷಯ ಗಮನಿಸುತ್ತಿದ್ದೆ. ಕಣ್ಣಿಲ್ಲದ ಬೇರೆ ಬೂತಿನವರು ಗಿರಾಕಿ ನಂಬರ್ ಹೇಳಿದರೆ ತಾವೇ ಚಕಚಕನೆ ಒತ್ತಿಕೊಡುತ್ತಿದ್ದರು. ಗಿರಿ ಫೋನನ್ನು ಅವರ ಕಡೆ ತಿರುಗಿಸಿ, "ನೀವೇ ಒತ್ಕೊಳಿ," ಎನ್ನುತ್ತಿದ್ದ. ಸಾವಿರಾರು ಸಾಲು ತಪ್ಪಿಲ್ಲದೆ ಹೊಡೆದ ಬೆರಳುಗಳು ಅವು. "ಇವರಿಗೆ ಒಂಥರಾ ಹೆದರಿಕೆ. ಬೀಗ ಹಾಕಿದ್ರೂ ಹತ್ತು ಸಲ ಎಳೆದು ನೋಡ್ತಾರೆ," ಎಂದು ಅವನ ಹೆಂಡತಿ ನನ್ನ ಹತ್ತಿರ ಹೇಳಿದಾಗ, ಕೈಯಲ್ಲಿದ್ದ ಕಾಫಿ ಲೋಟ ನೋಡುತ್ತಾ ಕುಳಿತಿದ್ದೆ. ಆಗಲೂ ಹೇಳಲಿಲ್ಲ. ಪ್ರತಿ ಹಬ್ಬಕ್ಕೂ ಈ ಸಲ ಹೇಳಿಬಿಡಬೇಕು ಎಂದು ಹೋಗಿ, ಹೋಳಿಗೆ ತಿಂದು ಬರುತ್ತಿದ್ದೆ.

ಮೊನ್ನೆ ಬೇಕರಿಯ ಮುಂದಿನ ಕಲ್ಲಿನಿಂದ ಎದ್ದವಳು ನೇರ ಅವನ ಬೂತಿಗೆ ನಡೆದೆ. ಎಲ್ಲರ ಕೈಯಲ್ಲೂ ಮೊಬೈಲ್ ಬಂದಿದೆ, ಬೂತಿನಲ್ಲಿ ಜನರಿರಲಿಲ್ಲ. ಗಿರಿ ರೇಡಿಯೋ ಹಾಕಿಕೊಂಡು ಕುಳಿತಿದ್ದ.

"ಅಕ್ಕನಾ? ಏನು, ಹೊಸ ಚಪ್ಪಲಿನಾ? ಭಾವ ಕೊಡ್ಸಿದ್ರಾ, ಕದ್ದು ತಗೊಂಡ್ಯಾ?"

"ಗಿರಿ, ರೇಡಿಯೋ ಆರ್ಸು."

ಆರಿಸಿದ. ನಾನು ಸ್ಟೂಲಿನ ಮೇಲೆ ಕುಳಿತೆ.

"ಆವತ್ತು ಮುಮ್ತಾಜ್ ಮದುವೆ ದಿನ, ಕೊನೇಲಿ ಅಂಕಿ ಬರ್ಲಿಲ್ಲ ಕಣೋ. ಕೊಕ್ಕೆ ಬಂದಿತ್ತು. ಅಂಕಿ ನಾನು ಕಟ್ಟಿ ಹೇಳ್ದೆ."

ಯಾವ ದಿನ, ಯಾವ ಅಂಕಿ ಎಂದು ಅವನು ಕೇಳಲಿಲ್ಲ. ಅಷ್ಟರಲ್ಲೇ ಗೊತ್ತಾಯಿತು, ಅವನೂ ಅದನ್ನು ಒಂದು ದಿನವೂ ಮರೆತಿಲ್ಲ ಎಂದು. ಹೊರಗೆ ಒಂದು ಬಸ್ಸು ಬಂದು, ಜನರನ್ನು ಇಳಿಸಿ, ಹೊರಟುಹೋಯಿತು. ಅವನ ಎಡಗೈ ಬೆರಳುಗಳು ಮೇಜಿನ ಗಾಜಿನ ಮೇಲೆ ಏನನ್ನೋ ಹುಡುಕಿಕೊಂಡವು.

"ಕೊಕ್ಕೆ ಮೇಲೆ ಯಾವ ಅಕ್ಷರ ಇತ್ತು?"

"ನೋಡ್ಲಿಲ್ಲ."

"ಇ ಇರ್ಬೇಕು," ಎಂದ. "ಡಬ್ಲ್ಯೂ ಪಕ್ಕದಲ್ಲೇ ಇ. ಬೆರಳು ಒಂದು ಮನೆ ಆಚೆ ಬಿದ್ದಿರತ್ತೆ. ಇ ಅಂದ್ರೆ ಈಗಿರೋದನ್ನ ಬಿಟ್ಟು ಡಿಸ್ಕಲ್ಲಿರೋ ಹಳೇದನ್ನ ತೆಗಿ ಅಂತ. ತಿದ್ದಿದ್ದೆಲ್ಲ ಹೋಗತ್ತಲ್ಲ, ಅದಕ್ಕೆ ಕೊಕ್ಕೆ ಹಾಕಿ ಕೇಳಿದೆ ಅದು. ಆಮೇಲೆ ನಾನು ಕ್ಯೂ ಒತ್ತಿದೀನಿ. ಒಂದ್ಸಲ ಕೇಳಾದ್ಮೇಲೆ ಅದು ಮತ್ತೆ ಕೇಳಲ್ಲ. ಬಿಟ್ಟುಬಿಡತ್ತೆ."

ಅವನು ತನಗೆ ತಾನೇ ಪಾಠ ಹೇಳಿಕೊಳ್ಳುವವನಂತೆ ಮಾತಾಡಿದ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಆಮೇಲೆ ಬಂತು.

"ಹಾಗಾದ್ರೆ ನಾನು ತಿದ್ದಿದ್ದೆ."

"ತಿದ್ದಿದ್ದೆ. ಎಲ್ಲಾ ತಿದ್ದಿದ್ದೆ. ಒಂದೊಂದು ಸಾಲೂ ನಾನೇ ಓದಿದೀನಿ."

"ಮಾರನೇ ದಿನ ಕೇಳ್ದೆ ನಿನ್ನ. ಎಲ್ಲರ ಮುಂದೆ."

"ಕೇಳ್ದೆ."

"ನೆನಪಿತ್ತಾ?"

"ಇತ್ತು."

ಅವನು ಎದ್ದು ನಿಂತ. ಬೂತಿನ ಗಾಜಿನ ಬಾಗಿಲು ಹಿಡಿದುಕೊಂಡ. "ಕೆಲಸ ಹೋಗಿದ್ದು ಬಿಡು," ಎಂದ. "ಕೆಲಸ ಯಾರ್ದಾದ್ರೂ ಹೋಗತ್ತೆ. ಕಣ್ಣಾಯ್ತು, ಇನ್ನು ತಲೆ ಹೋಗ್ತಾ ಇದೆ ಅನ್ಕೊಂಡೆ ಅಕ್ಕ. ಮಾಡದೇ ಇದ್ದಿದ್ದನ್ನ ಮಾಡಿದೀನಿ ಅಂತ ಅನ್ಸೋದು ಹುಚ್ಚು ಹಿಡಿಯೋದಕ್ಕೆ ಶುರು ಅನ್ಕೊಂಡೆ. ಮನೇಲಿ ಇವಳಿಗೂ ಹೇಳಿಲ್ಲ. ಡಾಕ್ಟ್ರಿಗೆ ತೋರಿಸೋಕೂ ಹೆದರಿಕೆ. ಇಷ್ಟು ವರ್ಷ ದಿನಾ ಬೆಳಿಗ್ಗೆ ಎದ್ದು, ಇವತ್ತು ಎಷ್ಟು ಉಳಿದಿದೆ ಅಂತ ತಲೆನ ಕೇಳ್ಕೊಂಡಿದೀನಿ. ಅದು ಗೊತ್ತಾ ನಿನಗೆ?"

ಗೊತ್ತಿರಲಿಲ್ಲ. ಅವನ ಕೈಯ ಹೆದರಿಕೆಯನ್ನಷ್ಟೇ ನಾನು ಕಂಡಿದ್ದೆ. ಅದರ ಹಿಂದೆ ಇದು ಇರಬಹುದೆಂದು ಒಮ್ಮೆಯೂ ಯೋಚಿಸಿರಲಿಲ್ಲ. ದಾರಿಯುದ್ದಕ್ಕೂ ನಾನು ಕಾರಣಗಳನ್ನು ಜೋಡಿಸಿಕೊಂಡು ಬಂದಿದ್ದೆ. ದಣಿವು, ಮುಮ್ತಾಜ್, ಬಿಟ್ಟುಬಂದ ಕೆಲಸ, ನನ್ನನ್ನು ಕೇಳದೆ ಅವನು ಸರ್‌ಗೆ ಮಾತು ಕೊಟ್ಟದ್ದು. ಒಂದನ್ನೂ ಹೇಳಲಿಲ್ಲ. ಎದ್ದು ಹೋಗಿ, ಬಾಗಿಲ ಮೇಲಿದ್ದ ಅವನ ಕೈ ಹಿಡಿದುಕೊಂಡೆ. ಅವನು ಬಿಡಿಸಿಕೊಳ್ಳಲಿಲ್ಲ, ಹಿಡಿದುಕೊಳ್ಳಲೂ ಇಲ್ಲ.

"ನಿನ್ನ ತಲೆಗೆ ಏನೂ ಆಗಿಲ್ಲ ಗಿರಿ. ಕೈಗೂ ಆಗಿಲ್ಲ. ನಾನು ನೋಡಿದ್ದೆ, ನೋಡಿ ಸುಳ್ಳು ಹೇಳ್ದೆ, ಆಮೇಲೆ ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದೆ. ತಪ್ಪು ನಂದು ಕಣೋ. ನನ್ನ ಕ್ಷಮಿಸು."